ಡ್ರೈ ಐಸ್‌ನಿಂದ ಯಂತ್ರಗಳ ಶುಚಿ: ತಯಾರಿಕೆ, ದಾಸ್ತಾನು ಮತ್ತು ಸುರಕ್ಷಿತ ಬಳಕೆ

ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್ ಮಾಲೀಕರು, ಬಳ್ಳಾರಿ ಹಾಗೂ ಗಿಣಿಗೇರಿ ಸುತ್ತಲಿನ ಸ್ಪಾಂಜ್ ಐರನ್ ಘಟಕಗಳ ಮೇಲ್ವಿಚಾರಕರು, ರಾಯಚೂರಿನ ಜಿನ್ನಿಂಗ್ ಮಿಲ್‌ಗಳ ಮೆಕ್ಯಾನಿಕ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು ಮೂರು. ನೀರು, ಸೀಮೆಎಣ್ಣೆ, ಥಿನ್ನರ್ ಯಾವುದನ್ನೂ ಮುಟ್ಟಿಸದೆ ಡ್ರೈ ಐಸ್‌ನಿಂದ ಮೋಟಾರು, ಪ್ಯಾನಲ್, ಗೇರ್‌ಬಾಕ್ಸ್‌ಗಳನ್ನು ಶುಚಿಗೊಳಿಸಬಹುದೇ? ಅದನ್ನು ನಾವೇ ತಯಾರಿಸಿಕೊಳ್ಳಬಹುದೇ? ತಂದಿಟ್ಟರೆ ಎಷ್ಟು ದಿನ ಉಳಿಯುತ್ತದೆ? ಉತ್ತರಗಳು ಚಿಕ್ಕವು: ಶುಚಿಗೊಳಿಸಬಹುದು, ಸಣ್ಣ ಪ್ರಮಾಣದ ಕೆಲಸಕ್ಕೆ ತಯಾರಿಕೆ ಗಿಟ್ಟುವುದಿಲ್ಲ, ಶುಚಿಕಾರ್ಯಕ್ಕೆ ತಕ್ಕ ಗುಣದಲ್ಲಿ ಎರಡು ದಿನ, ಹೆಚ್ಚೆಂದರೆ ಮೂರು ದಿನ ಉಳಿಯುತ್ತದೆ. ಆದರೆ ಈ ಚಿಕ್ಕ ಉತ್ತರಗಳನ್ನಷ್ಟೇ ನಂಬಿ ಕೆಲಸಕ್ಕೆ ಇಳಿಯುವುದು ಅಪಾಯಕರ. ಆದ್ದರಿಂದ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ತಿಳಿದಿರಬೇಕಾದದ್ದು

ಡ್ರೈ ಐಸ್ ಎಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಅದರ ಉಷ್ಣತೆ ಶೂನ್ಯಕ್ಕಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಅದು ಕರಗಿ ನೀರಾಗುವುದಿಲ್ಲ, ಗಟ್ಟಿ ಸ್ಥಿತಿಯಿಂದ ನೇರವಾಗಿ ಅನಿಲವಾಗುತ್ತದೆ. ಕರ್ಪೂರ ಇಟ್ಟಲ್ಲೇ ಸವೆದು ಹೋಗುವಂತೆ. ಇದಕ್ಕೆ ಉತ್ಪತನ ಎಂದು ಹೆಸರು. ಒಂದು ಕೆ.ಜಿ. ಡ್ರೈ ಐಸ್ ಅನಿಲವಾದಾಗ ಅಂದಿನ ಉಷ್ಣತೆಗೆ ತಕ್ಕಂತೆ 540ರಿಂದ 580 ಲೀಟರ್ ಜಾಗ ತುಂಬುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ಗುರುತಿಸುವಂಥ ವಾಸನೆಯಿಲ್ಲ, ಮತ್ತು ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಬಹುಪಾಲು ಅದರಿಂದಲೇ ಹುಟ್ಟಿದವು.

ಶುಚಿಕಾರ್ಯದಲ್ಲಿ ಬಳಸುವುದು ಅಕ್ಕಿ ಕಾಳಿಗಿಂತ ತುಸು ದಪ್ಪನಾದ, ಸುಮಾರು 3 ಮಿ.ಮೀ. ವ್ಯಾಸದ ತುಣುಕುಗಳನ್ನು. ಇವುಗಳಿಗೆ ಪೆಲೆಟ್ ಎನ್ನುತ್ತಾರೆ. ಕಂಪ್ರೆಸರ್ ಗಾಳಿ ಇವನ್ನು ನಾಝಲ್ ಮೂಲಕ ವೇಗವಾಗಿ ಚಿಮ್ಮಿಸುತ್ತದೆ. ಪೆಲೆಟ್ ಬಡಿದ ರಭಸ ಒಂದು ಕಡೆ. ತಣ್ಣಗಾದ ಜಿಡ್ಡು ಪೆಡಸಾಗಿ, ಅಡಿಯ ಲೋಹಕ್ಕಿಂತ ಬೇರೆ ಪ್ರಮಾಣದಲ್ಲಿ ಕುಗ್ಗಿ ಬಿರುಕು ಬಿಡುವುದು ಇನ್ನೊಂದು ಕಡೆ. ಬಿರುಕಿನೊಳಗೆ ಹೊಕ್ಕ ಪೆಲೆಟ್ ಒಮ್ಮೆಲೇ ಸುಮಾರು 800 ಪಟ್ಟು ಹಿಗ್ಗಿ ಅನಿಲವಾಗುವಾಗ ಕೊಳೆಯನ್ನು ಎಬ್ಬಿಸುವುದು ಮತ್ತೊಂದು. ಮರಳು ಅಥವಾ ನೀರಿನಂತೆ ಪೆಲೆಟ್ ಹಿಂದೆ ಉಳಿಯುವುದಿಲ್ಲ. ಎಬ್ಬಿಸಿದ ಕೊಳೆ ಮಾತ್ರ ನೆಲಕ್ಕೆ ಬೀಳುತ್ತದೆ, ಅದನ್ನು ಬಳಿದು ತೆಗೆಯಲೇಬೇಕು.

ಹಂತ 1: ನಿಮ್ಮ ಕೆಲಸ ಇದಕ್ಕೆ ಒಗ್ಗುತ್ತದೆಯೇ ಎಂದು ನೋಡಿ

ಗ್ರೀಸ್, ಎಣ್ಣೆ ಜಿಡ್ಡು, ಅಂಟು, ಮಸಿ, ಎಣ್ಣೆಯೊಂದಿಗೆ ಸೇರಿ ಗಟ್ಟಿಯಾದ ತೌಡು, ಮೋಟಾರಿನ ವೈಂಡಿಂಗ್ (ತಂತಿ ಸುರುಳಿ) ಮೇಲೆ ಕೂತ ಕಲ್ಲಿದ್ದಲ ದೂಳು, ರಬ್ಬರ್ ಹಾಗೂ ಪ್ಲಾಸ್ಟಿಕ್ ಅಚ್ಚುಗಳ ಮೇಲಿನ ಕಲೆ ಇವೆಲ್ಲ ಚೆನ್ನಾಗಿ ಬಿಡುತ್ತವೆ. ಕಚ್ಚಿಕೊಂಡ ತುಕ್ಕು ಮತ್ತು ಉಕ್ಕಿನ ಮೇಲಿನ ಕಪ್ಪು ಪೊರೆ ಬಿಡುವುದಿಲ್ಲ. ಬಣ್ಣ ಹಿಡಿಯಲು ಬೇಕಾದ ಒರಟುತನವನ್ನೂ ಇದು ಕೊಡುವುದಿಲ್ಲ, ಆ ಕೆಲಸಕ್ಕೆ ಗಟ್ಟಿ ಹರಳುಗಳನ್ನು ರಭಸದಿಂದ ಚಿಮ್ಮಿಸುವ ಗ್ರಿಟ್ ಬ್ಲಾಸ್ಟಿಂಗ್ ಬೇಕು. ತುಕ್ಕು ಹಿಡಿದ ಹಾಪರ್ ತೋರಿಸಿ ಡ್ರೈ ಐಸ್‌ಗೆ ದರ ಕೇಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಇನ್ನು, ಕೆಲವು ಜಾಗಗಳಲ್ಲಿ ಇದನ್ನು ಬಳಸಲೇಬಾರದು. ತೌಡಿನಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕಗಳಲ್ಲಿ ಹೆಕ್ಸೇನ್ ಆವಿ ಇರುತ್ತದೆ. ಒಣ ಗಾಳಿಯಲ್ಲಿ ವೇಗವಾಗಿ ಓಡುವ ಪೆಲೆಟ್‌ಗಳು ಸ್ಥಿರ ವಿದ್ಯುತ್ತನ್ನು ಹುಟ್ಟಿಸುತ್ತವೆ. ಆ ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ದಪ್ಪಗೆ ತೌಡಿನ ದೂಳು ಅಥವಾ ಹತ್ತಿಯ ನಾರು ಕೂತ ಕೋಣೆಯಲ್ಲೂ ನಾಝಲ್ ಗಾಳಿ ಅದನ್ನೆಲ್ಲ ಎಬ್ಬಿಸಿ, ಹೊತ್ತಿಕೊಳ್ಳಬಲ್ಲ ದೂಳಿನ ಮೋಡವನ್ನೇ ನಿರ್ಮಿಸುತ್ತದೆ. “ಇಂಗಾಲದ ಡೈಆಕ್ಸೈಡ್ ಬೆಂಕಿ ಆರಿಸುತ್ತದಲ್ಲವೇ, ಮತ್ತೇಕೆ ಭಯ?” ಎಂದು ಕೇಳುವವರಿದ್ದಾರೆ. ನಾಝಲ್‌ನಿಂದ ಬರುವುದರಲ್ಲಿ ಹೆಚ್ಚಿನ ಪಾಲು ಕಂಪ್ರೆಸರ್‌ನ ಸಾಮಾನ್ಯ ಗಾಳಿ, ಅದರಲ್ಲಿ ಬೆಂಕಿಗೆ ಬೇಕಾದಷ್ಟು ಆಮ್ಲಜನಕವಿರುತ್ತದೆ. ಆದ್ದರಿಂದ ಮೊದಲು ವ್ಯಾಕ್ಯೂಮ್‌ನಿಂದ ಸಡಿಲ ದೂಳನ್ನು ತೆಗೆದು, ಆಮೇಲಷ್ಟೇ ಪೆಲೆಟ್ ಪ್ರಯೋಗಿಸಬೇಕು.

ಹಂತ 2: ಎಷ್ಟು ಬೇಕೆಂದು ಲೆಕ್ಕ ಹಾಕಿ

ಪೆಲೆಟ್ ಚಿಮ್ಮಿಸುವ ಮಧ್ಯಮ ಗಾತ್ರದ ಬ್ಲಾಸ್ಟಿಂಗ್ ಯಂತ್ರ ಗಂಟೆಗೆ 30ರಿಂದ 60 ಕೆ.ಜಿ. ಪೆಲೆಟ್ ತಿನ್ನುತ್ತದೆ. 40 ಕೆ.ಜಿ. ಎಂದು ಹಿಡಿದರೆ ನಾಲ್ಕು ಗಂಟೆಗಳ ಕೆಲಸಕ್ಕೆ 160 ಕೆ.ಜಿ. ಬೇಕು. ದಾರಿಯಲ್ಲಿ ಮತ್ತು ಪೆಟ್ಟಿಗೆಯಲ್ಲಿ ಆಗುವ ನಷ್ಟಕ್ಕೆಂದು ಶೇ 20 ಸೇರಿಸಿ, ಸುಮಾರು 190 ಕೆ.ಜಿ. ತರಿಸಿ. ಅದಕ್ಕಿಂತ ಹೆಚ್ಚು ತರಿಸಿ “ಮುಂದಿನ ವಾರಕ್ಕಾಯಿತು” ಎಂದು ಇಡುವುದರಲ್ಲಿ ಅರ್ಥವಿಲ್ಲ. ಹಳೆಯ ಪೆಲೆಟ್‌ಗಳು ಗಾಳಿಯ ತೇವ ಹಿಡಿದು ಒಂದಕ್ಕೊಂದು ಅಂಟಿ ಹೆಂಟೆಗಳಾಗುತ್ತವೆ, ಪುಡಿಯಾಗುತ್ತವೆ, ಬಡಿಯುವ ಕಸುವನ್ನೂ ಕಳೆದುಕೊಳ್ಳುತ್ತವೆ.

ಹಂತ 3: ತಯಾರಿಸುವುದೋ, ತರಿಸುವುದೋ ತೀರ್ಮಾನಿಸಿ

ಡ್ರೈ ಐಸ್ ತಯಾರಿಕೆಯ ತತ್ವ ಸರಳ. ಒತ್ತಡದಲ್ಲಿ ದ್ರವವಾಗಿರುವ ಇಂಗಾಲದ ಡೈಆಕ್ಸೈಡನ್ನು ಸಾಮಾನ್ಯ ಒತ್ತಡಕ್ಕೆ ಬಿಟ್ಟರೆ ಅದರ ಒಂದು ಭಾಗ ಅನಿಲವಾಗಿ ಹಾರುತ್ತದೆ. ಹಾಗೆ ಹಾರುವಾಗ ಉಳಿದ ಭಾಗದ ಶಾಖವನ್ನು ಹೀರಿಕೊಂಡು ಅದನ್ನು ಹಿಮದ ಪುಡಿಯಾಗಿಸುತ್ತದೆ. ಆ ಪುಡಿಯನ್ನು ಹೈಡ್ರಾಲಿಕ್ ಒತ್ತಡದಲ್ಲಿ ಜರಡಿಯಂಥ ತೂತುಗಳ ಮೂಲಕ ಶಾವಿಗೆಯಂತೆ ಒತ್ತಿದರೆ ಪೆಲೆಟ್ ಸಿಗುತ್ತದೆ. ಈ ಯಂತ್ರಕ್ಕೆ ಪೆಲೆಟೈಜರ್ ಎನ್ನುತ್ತಾರೆ.

ಇಲ್ಲಿ ನಮ್ಮ ಬಿಸಿಲು ಅಡ್ಡ ಬರುತ್ತದೆ. ಸೈಫನ್ ನಳಿಕೆಯಿರುವ ಸಿಲಿಂಡರ್, ಅಂದರೆ ತಳದ ದ್ರವವನ್ನೇ ಮೇಲೆತ್ತಿ ಕೊಡುವ ಸಿಲಿಂಡರ್, ತಂದು ಬಟ್ಟೆ ಚೀಲಕ್ಕೋ ಪುಟ್ಟ ಅಚ್ಚಿಗೋ ಬಿಟ್ಟು ಡ್ರೈ ಐಸ್ ಮಾಡುವ ಕ್ರಮವಿದೆ. ಇಂಗಾಲದ ಡೈಆಕ್ಸೈಡ್ 31.1 ಡಿಗ್ರಿಗಿಂತ ಮೇಲೆ ಎಷ್ಟೇ ಒತ್ತಡ ಹಾಕಿದರೂ ದ್ರವವಾಗಿ ಉಳಿಯುವುದಿಲ್ಲ. 25 ಡಿಗ್ರಿಯಲ್ಲಿ ಸಿಲಿಂಡರ್‌ನ ದ್ರವದಲ್ಲಿ ಕಾಲು ಭಾಗದಷ್ಟು ಹಿಮವಾಗಬಹುದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳ ಉಷ್ಣತೆ 40 ಡಿಗ್ರಿ ದಾಟಿದಾಗ ಸಿಲಿಂಡರ್‌ನೊಳಗೆ ದ್ರವವೇ ಇರುವುದಿಲ್ಲ, ಸಿಗುವ ಹಿಮವೂ ಹತ್ತರಲ್ಲೊಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. “ಸಿಲಿಂಡರ್ ತುಂಬಿದೆ, ಆದರೆ ಐಸ್ ಬರುತ್ತಿಲ್ಲ” ಎಂದು ಬೇಸಿಗೆಯಲ್ಲಿ ಕೇಳಿಬರುವ ದೂರಿಗೆ ಕಾರಣ ಇದೇ. ತಂಪು ಹವೆಯಲ್ಲಿ ಕೂಡ 30 ಕೆ.ಜಿ. ಸಿಲಿಂಡರ್‌ನಿಂದ ಏಳೆಂಟು ಕೆ.ಜಿ. ಸಿಕ್ಕರೆ, ಮೇಲಿನ ಲೆಕ್ಕದಂತೆ ಅದು ಹನ್ನೊಂದು–ಹನ್ನೆರಡು ನಿಮಿಷದ ಕೆಲಸಕ್ಕೆ ಮಾತ್ರ ಸಾಕು. ಅದೂ ಪುಡಿ ರೂಪದ ಹಿಮ, ಪೆಲೆಟ್ ಅಲ್ಲ.

ದೊಡ್ಡ ಪ್ರಮಾಣದಲ್ಲಿ ತಯಾರಿಸುವವರು ಸುಮಾರು 20 ಬಾರ್ ಒತ್ತಡ ಮತ್ತು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ ದ್ರವವನ್ನು ಶೇಖರಿಸುವ ಶೀತಲ ಟ್ಯಾಂಕ್ ಇಟ್ಟುಕೊಳ್ಳುತ್ತಾರೆ. ಬಾರ್ ಎಂದರೆ ಸ್ಥೂಲವಾಗಿ ವಾತಾವರಣದ ಒತ್ತಡದ ಒಂದು ಪಟ್ಟು. ಆಗಲೂ ಹಾರಿದ ಅನಿಲವನ್ನು ಮರಳಿ ಹಿಡಿಯುವ ಏರ್ಪಾಡಿಲ್ಲದಿದ್ದರೆ ಒಂದು ಕೆ.ಜಿ. ಪೆಲೆಟ್‌ಗೆ ಎರಡೂವರೆ ಕೆ.ಜಿ.ಯವರೆಗೆ ದ್ರವ ಖರ್ಚಾಗುತ್ತದೆ. ಟ್ಯಾಂಕ್‌ಗೆ 2016ರ ಸ್ಥಿರ ಮತ್ತು ಸಂಚಾರಿ ಒತ್ತಡ ಪಾತ್ರೆಗಳ ನಿಯಮಗಳು, ಸಿಲಿಂಡರ್‌ಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ. ಇವೆರಡನ್ನೂ ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಪ್ರತಿದಿನ ನೂರಾರು ಕೆ.ಜಿ. ಬಳಸುವ ದೊಡ್ಡ ಕಾರ್ಖಾನೆಗಷ್ಟೇ ಇದು ಲೆಕ್ಕಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಉಳಿದವರು ಬೆಂಗಳೂರು ಅಥವಾ ಹೈದರಾಬಾದ್‌ನಿಂದ ಪೆಲೆಟ್ ತರಿಸುವುದೇ ಮೇಲು.

ತಯಾರಿಸಲೇಬೇಕೆನ್ನುವವರು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ದ್ರವದ ಪೈಪಿನಲ್ಲಿ ಒತ್ತಡ ಸುಮಾರು 5.2 ಬಾರ್‌ಗಿಂತ ಕೆಳಗಿಳಿದರೆ ಒಳಗಿನ ದ್ರವ ಪೈಪಿನಲ್ಲೇ ಗಟ್ಟಿಯಾಗಿ ಬಿರಡೆಯಂತೆ ಕೂರುತ್ತದೆ. ಗೇಜ್ ಶೂನ್ಯ ತೋರಿಸುತ್ತಿದೆಯೆಂದು ಜೋಡಣೆ ಬಿಚ್ಚಿದರೆ, ಹಿಂದಿನ ಒತ್ತಡ ಆ ಬಿರಡೆಯನ್ನು ಗುಂಡಿನಂತೆ ಹೊರದೂಡಬಲ್ಲದು. ಎರಡನೆಯದಾಗಿ, ಮುಚ್ಚಿದ ಎರಡು ವಾಲ್ವ್‌ಗಳ ನಡುವೆ ಸಿಕ್ಕ ದ್ರವ ಬಿಸಿಯಾದಂತೆ ಹಿಗ್ಗಿ ಪೈಪನ್ನೇ ಸೀಳುತ್ತದೆ. ಆದ್ದರಿಂದ ಅಂಥ ಪ್ರತಿಯೊಂದು ಪೈಪ್ ತುಂಡಿಗೂ ಪ್ರತ್ಯೇಕ ಸೇಫ್ಟಿ ವಾಲ್ವ್ ಇರಲೇಬೇಕು.

ಹಂತ 4: ಸಾಗಿಸುವುದು ಮತ್ತು ಇಡುವುದು

ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿ.ಮೀ. ದೂರ, ರಾಯಚೂರಿಗೆ ಹೈದರಾಬಾದ್ ಅದಕ್ಕಿಂತ ಹತ್ತಿರ. ಡ್ರೈವರ್ ಕೂರುವ ಕ್ಯಾಬಿನ್ ಬೇರೆ, ಸರಕಿನ ಜಾಗ ಬೇರೆ ಇರುವ ತೆರೆದ ಗಾಡಿಯಲ್ಲೇ ತರಿಸಿ, ಮೇಲೆ ತಾಡಪಾಲಿನ ನೆರಳು ಮಾಡಿ. ಕಾರಿನ ಡಿಕ್ಕಿಯಲ್ಲಿ ಇಟ್ಟು, ಗಾಜು ಏರಿಸಿ, ಎ.ಸಿ. ಹಾಕಿಕೊಂಡು ಬರುವುದು ಪ್ರಾಣಾಪಾಯದ ಕೆಲಸ. ರಾತ್ರಿ ಹೊರಟು ಬೆಳಿಗ್ಗೆ ತಲಪುವಂತೆ ಏರ್ಪಾಡು ಮಾಡಿಕೊಂಡರೆ ನಷ್ಟವೂ ಕಡಿಮೆ.

ಪೆಟ್ಟಿಗೆ ದಪ್ಪ ಪಿ.ಯು. ಫೋಮ್ ಗೋಡೆಯದ್ದಾಗಿರಲಿ, ಮುಚ್ಚಳ ಸಡಿಲವಾಗಿರಲಿ. ಗಾಳಿಯಾಡದಂತೆ ಬಿಗಿದ ಡ್ರಮ್, ಹಾಲಿನ ಕ್ಯಾನ್, ನೀರಿನ ಬಾಟಲಿ ಯಾವುದಕ್ಕೂ ತುಂಬಬೇಡಿ. ಒಳಗಿನ ಅನಿಲಕ್ಕೆ ದಾರಿಯಿಲ್ಲದಿದ್ದರೆ ಪಾತ್ರೆ ಸಿಡಿಯುತ್ತದೆ. ಮನೆಯ ಫ್ರಿಜ್ ಅಥವಾ ಡೀಪ್ ಫ್ರೀಜರ್‌ನಲ್ಲಿ ಇಡಬೇಡಿ. ಅದರ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ತಂಪು ಡ್ರೈ ಐಸ್‌ಗೆ ಬಿಸಿಯೇ. ಒಳ್ಳೆಯ ಪೆಟ್ಟಿಗೆಯಲ್ಲಿ ದಿನಕ್ಕೆ ಶೇ 2ರಿಂದ 5ರಷ್ಟು, ಸಾಧಾರಣ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಶೇ 10 ಅಥವಾ ಹೆಚ್ಚು ಆವಿಯಾಗುತ್ತದೆ. ಅರ್ಧ ತುಂಬಿದ ಪೆಟ್ಟಿಗೆಯಲ್ಲಿ ಸವೆತ ಜಾಸ್ತಿ. ಪದೇ ಪದೇ ಮುಚ್ಚಳ ತೆಗೆದರೆ ತಂಪಿನೊಂದಿಗೆ ಪೆಲೆಟ್‌ನ ಗುಣವೂ ಹೋಗುತ್ತದೆ.

ಪೆಟ್ಟಿಗೆಯನ್ನು ಎಲ್ಲಿಡುತ್ತೀರಿ ಎಂಬುದು ಇದಕ್ಕಿಂತ ಮುಖ್ಯ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಸ್ಟೋರ್ ರೂಮಿನಲ್ಲಿ 200 ಕೆ.ಜಿ. ಇಟ್ಟು ಬಾಗಿಲು ಹಾಕಿದಿರಿ ಎನ್ನೋಣ. ದಿನಕ್ಕೆ ಶೇ 10ರಂತೆ ಹನ್ನೆರಡು ಗಂಟೆಯ ರಾತ್ರಿಯಲ್ಲಿ 10 ಕೆ.ಜಿ. ಅನಿಲವಾಗುತ್ತದೆ, ಅಂದರೆ ಸುಮಾರು 5.7 ಘನ ಮೀಟರ್. ಗಾಳಿ ಹೊರಹೋಗದ ಆ 60 ಘನ ಮೀಟರ್ ಕೋಣೆಯಲ್ಲಿ ಬೆಳಗಾಗುವ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಶೇ 9ರ ಆಸುಪಾಸಿಗೆ ಏರಿರುತ್ತದೆ. ಬಾಗಿಲು ತೆರೆದು ಒಳಹೊಕ್ಕವರಿಗೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಆದ್ದರಿಂದ ನಾಲ್ಕೂ ಕಡೆ ತೆರೆದ, ನೆರಳಿರುವ ತಗಡಿನ ಶೆಡ್ಡೇ ಸರಿಯಾದ ಜಾಗ. ಪೆಟ್ಟಿಗೆಯ ಮೇಲೆ “ಡ್ರೈ ಐಸ್, ಮುಟ್ಟಬೇಡಿ, ತಿನ್ನಬೇಡಿ” ಎಂದು ಕನ್ನಡದಲ್ಲಿ, ಕಾರ್ಮಿಕರಲ್ಲಿ ಹೊರರಾಜ್ಯದವರಿದ್ದರೆ ಹಿಂದಿಯಲ್ಲೂ, ದೊಡ್ಡದಾಗಿ ಬರೆಸಿ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಮೌತ್ ಫ್ರೆಶ್ನರ್ ಎಂದು ಡ್ರೈ ಐಸ್ ಕೊಟ್ಟಾಗ ಅದನ್ನು ಬಾಯಿಗೆ ಹಾಕಿಕೊಂಡವರು ರಕ್ತ ಕಾರಿ ಆಸ್ಪತ್ರೆ ಸೇರಬೇಕಾಯಿತು. ಬೇಸಿಗೆಯ ಮಧ್ಯಾಹ್ನ ಬಿಳಿಯ ಐಸ್ ಕಂಡವರು ಒಂದು ಚೂರನ್ನು ನೀರಿಗೆ ಹಾಕಿಕೊಳ್ಳೋಣವೆಂದುಕೊಳ್ಳುವುದು ಸಹಜ. ಹೇಳಿಕೊಡಬೇಕಾದ ಹೊಣೆ ನಿಮ್ಮದು.

ಹಂತ 5: ಉಸಿರಾಡುವ ಗಾಳಿಯನ್ನು ಖಚಿತಪಡಿಸಿಕೊಳ್ಳಿ

ಎಲ್ಲರೂ ಕೈ ಸುಟ್ಟುಕೊಳ್ಳುವುದಕ್ಕೆ ಹೆದರುತ್ತಾರೆ, ಕೈಗವಸು ಕೇಳುತ್ತಾರೆ. ಕಾಲ ಬುಡದಲ್ಲಿ ತುಂಬಿಕೊಳ್ಳುವ ಅನಿಲವನ್ನು ಯಾರೂ ಕೇಳುವುದಿಲ್ಲ. ಅದಕ್ಕಾಗಿಯೇ ಈ ಹಂತವನ್ನು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ ಇರುತ್ತದೆ. ಪಿಪಿಎಂ ಎಂದರೆ ಹತ್ತು ಲಕ್ಷ ಭಾಗಗಳಲ್ಲಿ ಎಷ್ಟು ಭಾಗ ಎಂದರ್ಥ. ಎಂಟು ಗಂಟೆಯ ಪಾಳಿಗೆ ಒಪ್ಪಿತ ಮಿತಿ 5,000 ಪಿಪಿಎಂ, ಹದಿನೈದು ನಿಮಿಷದ ಮಿತಿ 30,000 ಪಿಪಿಎಂ. 40,000 ಪಿಪಿಎಂ, ಅಂದರೆ ಶೇ 4, ಜೀವಕ್ಕೆ ತಕ್ಷಣದ ಅಪಾಯವೆಂದು ಪರಿಗಣಿತವಾಗಿದೆ.

ಗಂಟೆಗೆ 40 ಕೆ.ಜಿ. ಪೆಲೆಟ್ ಬಳಸಿದರೆ ಸುಮಾರು 23 ಘನ ಮೀಟರ್ ಅನಿಲ ಹುಟ್ಟುತ್ತದೆ. ಅದನ್ನು 5,000 ಪಿಪಿಎಂ ಒಳಗೆ ಇಡಲು ಗಂಟೆಗೆ ಸುಮಾರು 5,000 ಘನ ಮೀಟರ್ ತಾಜಾ ಗಾಳಿ ಬೇಕು. ಇದು ಅನಿಲವೆಲ್ಲ ಸಮನಾಗಿ ಬೆರೆತರೆ ಬರುವ ಲೆಕ್ಕ. ವಾಸ್ತವದಲ್ಲಿ ತಣ್ಣನೆಯ ಭಾರವಾದ ಅನಿಲ ನೆಲಕ್ಕಿಳಿಯುತ್ತದೆ. ಗೋಡೆಯ ಮೇಲ್ಭಾಗದ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೂ ಕೆಳಗಿನ ಅನಿಲ ಅಲ್ಲೇ ಇರಬಹುದು. ಆದ್ದರಿಂದ ಕೊಳವೆ ಜೋಡಿಸಿದ ಬ್ಲೋವರ್‌ನ ಬಾಯಿಯನ್ನು ನೆಲಮಟ್ಟದಲ್ಲಿಟ್ಟು ಅಲ್ಲಿಂದಲೇ ಎಳೆದು, ಜನ ಓಡಾಡದ ಬಯಲಿಗೆ ಬಿಡಿ.

ನಮ್ಮ ಭಾಗದ ಕಾರ್ಖಾನೆಗಳಲ್ಲಿ ತಗ್ಗು ಜಾಗಗಳಿಗೇನೂ ಕೊರತೆಯಿಲ್ಲ. ರೈಸ್ ಮಿಲ್‌ನ ಎಲಿವೇಟರ್ ಪಿಟ್, ಸ್ಪಾಂಜ್ ಐರನ್ ಘಟಕದ ಕನ್ವೇಯರ್ ಸುರಂಗ, ವಿದ್ಯುತ್ ಪ್ಯಾನಲ್‌ಗಳ ಕೆಳಗಿನ ಕೇಬಲ್ ಟ್ರೆಂಚ್, ತೂಕದ ಸೇತುವೆಯ ಗುಂಡಿ ಇವೆಲ್ಲವೂ ಅನಿಲಕ್ಕೆ ಬಾವಿಯಿದ್ದಂತೆ. ಒಂದು ಮಿಲ್‌ನಲ್ಲಿ ಮೇಲಿನ ಗೇರ್‌ಬಾಕ್ಸ್ ಶುಚಿಗೊಳಿಸುತ್ತಿದ್ದಾಗ, ಕೆಳಗೆ ಬಿದ್ದ ಸ್ಪ್ಯಾನರ್ ತರಲೆಂದು ಹುಡುಗನೊಬ್ಬ ಎಲಿವೇಟರ್ ಪಿಟ್‌ಗೆ ಇಳಿದು ಅರೆ ನಿಮಿಷದಲ್ಲಿ ತಲೆಸುತ್ತಿ ಮೆಟ್ಟಿಲ ಮೇಲೆ ಕುಸಿದದ್ದನ್ನು ನಾನೇ ನೋಡಿದ್ದೇನೆ. ತಲೆ ಮೆಟ್ಟಿಲ ಮೇಲ್ಭಾಗದಲ್ಲಿದ್ದುದರಿಂದ ಅವನು ಉಳಿದ. ಕೆಲಸ ಆರಂಭಿಸುವ ಮುನ್ನ ಸುತ್ತಲಿನ ಎಲ್ಲ ತಗ್ಗುಗಳನ್ನು ಗುರುತಿಸಿ, ಹಗ್ಗ ಕಟ್ಟಿ, ಇಳಿಯಕೂಡದೆಂದು ಫಲಕ ಹಾಕಿ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಹಲವರು ಆಮ್ಲಜನಕದ ಮೀಟರ್ ಇದ್ದರೆ ಸಾಕೆಂದುಕೊಳ್ಳುತ್ತಾರೆ. ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ, ಮೀಟರ್ ಸಾಮಾನ್ಯವಾಗಿ ಶೇ 19.5ಕ್ಕೆ ಇಳಿದಾಗ ಕೂಗುತ್ತದೆ. ಇಂಗಾಲದ ಡೈಆಕ್ಸೈಡ್ ಶೇ 5ಕ್ಕೆ ಏರಿದರೂ ಆಮ್ಲಜನಕ ಇಳಿಯುವುದು ಸುಮಾರು ಶೇ 19.9ಕ್ಕೆ ಮಾತ್ರ. ಅಂದರೆ ಮನುಷ್ಯ ಆಗಲೇ ಅಪಾಯದಲ್ಲಿದ್ದರೂ ಮೀಟರ್ ಸುಮ್ಮನಿರುತ್ತದೆ. ಇಂಗಾಲದ ಡೈಆಕ್ಸೈಡನ್ನೇ ನೇರವಾಗಿ ಅಳೆಯುವ ಮೀಟರ್ ಕೊಳ್ಳಿ. ಒಂದನ್ನು ಕೆಲಸಗಾರನ ಎದೆಯ ಮೇಲೆ, ಇನ್ನೊಂದನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ ಇಡಿ. 5,000ಕ್ಕೆ ಎಚ್ಚರಿಕೆ ಕೊಡುವಂತೆಯೂ 15,000 ತಲಪಿದರೆ ಎಲ್ಲರೂ ಹೊರಬರುವಂತೆಯೂ ನಿಯಮ ಮಾಡಿಕೊಳ್ಳಿ. ಎರಡನೆಯ ಅಂಕಿ ನಾನು ಪಾಲಿಸುವ ಮಿತಿ.

ತಲೆನೋವು, ಏದುಸಿರು, ಬೆವರು, ಮಂಪರು ಕಾಣಿಸಿದರೆ ಕೂಡಲೇ ಬಯಲಿಗೆ ಬನ್ನಿ. ಯಾರಾದರೂ ತಗ್ಗಿನಲ್ಲಿ ಬಿದ್ದಿದ್ದರೆ ಸಿಲಿಂಡರ್‌ಸಹಿತ ಉಸಿರಾಟದ ಉಪಕರಣವಿಲ್ಲದೆ ಹಿಂದೆಯೇ ಇಳಿಯಬೇಡಿ. ಬಟ್ಟೆಯ ಮಾಸ್ಕ್, ದೂಳಿನ ಮಾಸ್ಕ್, ಫಿಲ್ಟರ್ ಡಬ್ಬಿಯ ಮಾಸ್ಕ್ ಯಾವುದೂ ಈ ಅನಿಲವನ್ನು ತಡೆಯುವುದಿಲ್ಲ. ಬ್ಲೋವರ್ ಗಾಳಿಯನ್ನು ಗುಂಡಿಗೆ ತಿರುಗಿಸಿ, 108ಕ್ಕೆ ಮತ್ತು ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಹಂತ 6: ಕಂಪ್ರೆಸರ್

ಸಾಮಾನ್ಯ ಕೆಲಸಕ್ಕೆ 5ರಿಂದ 7 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 3ರಿಂದ 5 ಘನ ಮೀಟರ್, ಅಂದರೆ 100ರಿಂದ 175 ಸಿ.ಎಫ್.ಎಂ. (ನಿಮಿಷಕ್ಕೆ ಘನ ಅಡಿ) ಗಾಳಿ ಬೇಕಾಗುತ್ತದೆ. ಇಲ್ಲಿ ಬಾಡಿಗೆಗೆ ಸುಲಭವಾಗಿ ಸಿಗುವುದು ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳಿಗೋ ಬೋರ್‌ವೆಲ್‌ಗೋ ಓಡುವ ಡೀಸೆಲ್ ಕಂಪ್ರೆಸರ್. ಗಾಳಿಯೇನೋ ಧಾರಾಳವಾಗಿ ಬರುತ್ತದೆ, ಆದರೆ ಅದರೊಂದಿಗೆ ಎಣ್ಣೆಯ ಹನಿ ಮತ್ತು ತೇವವೂ ಬರುತ್ತವೆ. ತೇವ ನಾಝಲ್‌ನಲ್ಲಿ ಹೆಪ್ಪುಗಟ್ಟುತ್ತದೆ. ಎಣ್ಣೆ ನೀವು ಶುಚಿಗೊಳಿಸುತ್ತಿರುವ ವೈಂಡಿಂಗ್ ಮೇಲೆಯೇ ಕೂರುತ್ತದೆ. ಗಾಳಿಯನ್ನು ತಣಿಸುವ ಆಫ್ಟರ್ ಕೂಲರ್, ನೀರು ಬೇರ್ಪಡಿಸುವ ಸಾಧನ, ಎಣ್ಣೆ ಹಿಡಿಯುವ ಫಿಲ್ಟರ್ ಮೂರೂ ಇಲ್ಲದೆ ಅಂಥ ಕಂಪ್ರೆಸರ್ ಬಳಸಬೇಡಿ. ಅದರ ಹೊಗೆ ಒಳಗೆ ನುಗ್ಗದಂತೆ ಗಾಳಿಯ ದಿಕ್ಕು ನೋಡಿ ನಿಲ್ಲಿಸಿ.

ಹಂತ 7: ಯಂತ್ರವನ್ನೂ ಕೆಲಸಗಾರರನ್ನೂ ಸಿದ್ಧಪಡಿಸಿ

ವಿದ್ಯುತ್ ಕಡಿದು, ಸ್ವಿಚ್‌ಗೆ ಬೀಗ ಹಾಕಿ, ಕೀಲಿ ಕೆಲಸ ಮಾಡುವವನ ಜೇಬಿನಲ್ಲೇ ಇರಲಿ. ಮೋಟಾರಾದರೆ ಮೊದಲು ಮೆಗ್ಗರ್‌ನಿಂದ ಇನ್ಸುಲೇಷನ್ ಅಳೆದು ಬರೆದಿಟ್ಟುಕೊಳ್ಳಿ. ಬ್ಲಾಸ್ಟಿಂಗ್ ಯಂತ್ರ ಮತ್ತು ಶುಚಿಗೊಳಿಸುವ ವಸ್ತು ಎರಡಕ್ಕೂ ಅರ್ಥಿಂಗ್ ಕೊಡಿ. ಬೇರಿಂಗ್, ಗಾಜು, ನಾಮಫಲಕ, ಸಡಿಲ ವೈರುಗಳನ್ನು ಮುಚ್ಚಿ.

ಕೆಲಸಗಾರನಿಗೆ ತಂಪು ತಡೆಯುವ ಸಡಿಲ ಕೈಗವಸು ಬೇಕು; ಒಳಗೆ ಪೆಲೆಟ್ ಬಿದ್ದರೆ ಥಟ್ಟನೆ ಕೊಡವಿ ತೆಗೆಯುವಂತಿರಬೇಕು. ಮುಖಕ್ಕೆ ಪೂರ್ಣ ಶೀಲ್ಡ್, ತುಂಬು ತೋಳಿನ ಅಂಗಿ, ಬೂಟಿನ ಮೇಲೆ ಇಳಿಬಿಟ್ಟ ಪ್ಯಾಂಟು, ಎಬ್ಬಿಸಿದ ಕೊಳೆಯ ದೂಳಿಗೆ ಮಾಸ್ಕ್ ಕಡ್ಡಾಯ. ನಾಝಲ್‌ನ ಸದ್ದು 100 ಡೆಸಿಬಲ್ ಮೀರುವುದು ಸಾಮಾನ್ಯವಾದ್ದರಿಂದ ಕಿವಿಗೆ ಪ್ಲಗ್ ಮತ್ತು ಮಫ್ ಎರಡನ್ನೂ ಹಾಕಿಸಿ. ಸದ್ದಿನಲ್ಲಿ ಕೂಗು ಕೇಳಿಸದು. ನಿಲ್ಲಿಸಲು ಕೈಸನ್ನೆಯೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಒಬ್ಬನೇ ಕೆಲಸ ಮಾಡುವುದು ಎಂದಿಗೂ ಬೇಡ.

ಹಂತ 8: ಶುಚಿಗೊಳಿಸುವ ಕ್ರಮ

ಕಣ್ಣಿಗೆ ಬೀಳದ ಮೂಲೆಯಲ್ಲಿ 2 ಬಾರ್‌ನಿಂದ ಆರಂಭಿಸಿ, ಕೊಳೆ ಬಿಡುವವರೆಗೆ ಸ್ವಲ್ಪ ಸ್ವಲ್ಪವೇ ಏರಿಸಿ. ವೈಂಡಿಂಗ್‌ಗೆ 2ರಿಂದ 4 ಬಾರ್ ಸಾಕು. ಗೇರ್‌ಬಾಕ್ಸ್‌ನ ಹಳೆಯ ಗ್ರೀಸ್‌ಗೆ 5ರಿಂದ 7 ಬೇಕಾಗಬಹುದು. ನಾಝಲನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿದು, ಮೇಲಿನಿಂದ ಕೆಳಗೆ, ನಿಲ್ಲಿಸದೆ ಸರಿಸುತ್ತಾ ಹೋಗಿ. ಒಂದೇ ಜಾಗದಲ್ಲಿ ಹಿಡಿದರೆ ವಾರ್ನಿಷ್ ಏಳುತ್ತದೆ. ಸ್ಪಾಂಜ್ ಐರನ್ ಘಟಕಗಳ ಮೋಟಾರಿನಲ್ಲಿ ಕೂತ ಕಬ್ಬಿಣದ ದೂಳು ವಿದ್ಯುತ್ ಹರಿಸಬಲ್ಲದು. ಅದನ್ನು ಗಾಳಿಯಿಂದ ಒಳಕ್ಕೆ ತಳ್ಳಿದರೆ ಶುಚಿಗಿಂತ ಹಾನಿಯೇ ಹೆಚ್ಚು. ಒಬ್ಬರು ನಾಝಲ್ ಹಿಡಿದಾಗ ಇನ್ನೊಬ್ಬರು ಪಕ್ಕದಲ್ಲೇ ವ್ಯಾಕ್ಯೂಮ್ ಹಿಡಿದಿರಬೇಕು.

ಹಾಪರ್‌ನಲ್ಲಿ ಪೆಲೆಟ್ ಹೆಂಟೆಗಟ್ಟಿದರೆ ಯಂತ್ರ ನಿಲ್ಲಿಸಿ, ಒತ್ತಡ ಪೂರ್ತಿ ಇಳಿಸಿ, ಮರದ ಕೋಲಿನಿಂದ ಬಿಡಿಸಿ. ಒಳಗೆ ಕೈ ಹಾಕಬೇಡಿ. ಹಾಪರ್‌ಗೆ ಒಮ್ಮೆಲೇ ತುಂಬದೆ, ಹದಿನೈದು ನಿಮಿಷಕ್ಕೆ ಬೇಕಾದಷ್ಟನ್ನೇ ಹಾಕುತ್ತಿದ್ದರೆ ಈ ತೊಂದರೆ ಬಹುಮಟ್ಟಿಗೆ ಬರುವುದಿಲ್ಲ.

ಪೆಲೆಟ್ ತಾಗಿ ಚರ್ಮ ಬೆಳ್ಳಗಾಗಿ ಜೋಮು ಹಿಡಿದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟುಕೊಂಡು, ಬೊಬ್ಬೆ ಬಂದರೆ ಒಡೆಯದೆ ವೈದ್ಯರ ಬಳಿ ಹೋಗಿ.

ಹಂತ 9: ಕೆಲಸ ಮುಗಿದ ಮೇಲೆ

ತಣ್ಣಗಾದ ಲೋಹದ ಮೇಲೆ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ಇದು ಕಡಿಮೆ. ಮಳೆಗಾಲದಲ್ಲಿ, ಅದರಲ್ಲೂ ಕಾಲುವೆ ನೀರು ತುಂಬಿದ ಗದ್ದೆಗಳ ನಡುವಿನ ಮಿಲ್‌ಗಳಲ್ಲಿ, ಚೆನ್ನಾಗಿಯೇ ಕಾಣುತ್ತದೆ. ಮೋಟಾರು ಕೋಣೆಯ ಉಷ್ಣತೆಗೆ ಮರಳುವವರೆಗೆ ಕಾದು, ಮತ್ತೆ ಮೆಗ್ಗರ್ ಹಿಡಿದು, ಮೊದಲ ಅಳತೆಗಿಂತ ಕಡಿಮೆಯಿದ್ದರೆ ಬಿಸಿಗಾಳಿಯಿಂದ ಒಣಗಿಸಿ, ಅಳತೆ ಸರಿಬಂದ ಮೇಲೆಯೇ ವಿದ್ಯುತ್ ಕೊಡಿ.

ಉಳಿದ ಪೆಲೆಟ್‌ಗಳನ್ನು ಚರಂಡಿಗೆ, ಸಿಂಕಿಗೆ, ಕಸದ ಡ್ರಮ್ಮಿಗೆ ಸುರಿಯಬೇಡಿ. ಮಕ್ಕಳು, ದನಕರುಗಳು ಬಾರದ, ಬೇಲಿಯಿರುವ ಬಯಲಿನಲ್ಲಿ ತೆಳುವಾಗಿ ಹರಡಿದರೆ ತಾನೇ ಹಾರಿಹೋಗುತ್ತದೆ. ಟೈಲ್ಸ್ ಮೇಲೆ ಸುರಿದರೆ ಟೈಲ್ಸ್ ಬಿರಿಯುತ್ತವೆ. ಬ್ಲೋವರ್ ಇನ್ನೂ ಒಂದು ಗಂಟೆ ಓಡಲಿ. ಪಿಟ್ ಮತ್ತು ಟ್ರೆಂಚ್‌ಗಳಿಗೆ ಮೀಟರನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಬಿಟ್ಟು, ಓದು 1,000 ಪಿಪಿಎಂಗಿಂತ ಕಡಿಮೆ ಬಂದ ಮೇಲಷ್ಟೇ ಸುತ್ತ ಕಟ್ಟಿದ ಹಗ್ಗ ಬಿಚ್ಚಿ. ರಾತ್ರಿ ಪಾಳಿಯವರು ಬರುವ ಮೊದಲು ಈ ಅಳತೆಯನ್ನು, ವೇಳೆಯೊಂದಿಗೆ, ಲಾಗ್ ಪುಸ್ತಕದಲ್ಲಿ ಬರೆದಿಡಿ.